ಹದಿನಾಲ್ಕು ಮೈಲಿ ದೂರದಿಂದ ತೆಗೆದ ಸುಂಟರಗಾಳಿ

1884ರ ಏಪ್ರಿಲ್ 26. ಅಮೆರಿಕದ ಕಾನ್ಸಾಸ್ ರಾಜ್ಯದ ಆಂಡರ್ಸನ್ ಕೌಂಟಿ. ಬಯಲಿನ ಆಚೆ ತುದಿಯಲ್ಲಿ ಮೋಡದಿಂದ ಹಗ್ಗ ಇಳಿಬಿಟ್ಟಂತೆ ಸುಂಟರಗಾಳಿಯೊಂದು ಕಾಣಿಸಿಕೊಂಡಿತು. ಎ. ಎ. ಆಡಮ್ಸ್ ಎಂಬವರು ತಮ್ಮ ಪೆಟ್ಟಿಗೆ ಕ್ಯಾಮೆರಾವನ್ನು ಹೊರಗೆ ತಂದು, ಜೋಡಿಸಿ, ನಿಲ್ಲಿಸಿ, ಒಂದು ಚಿತ್ರ ತೆಗೆದರು. ಇಷ್ಟೆಲ್ಲ ಮಾಡಲು ಅವರಿಗೆ ಸಮಯ ಸಿಕ್ಕಿದ್ದು ಎರಡು ಕಾರಣಕ್ಕೆ. ಆ ಸುಂಟರಗಾಳಿ ಬಹಳ ನಿಧಾನವಾಗಿ ಚಲಿಸುತ್ತಿತ್ತು. ಮತ್ತು ಆಡಮ್ಸ್ ಅದರಿಂದ ಸುಮಾರು 14 ಮೈಲಿ ದೂರದಲ್ಲಿದ್ದರು. ಇವತ್ತು ನಮಗೆ ತಿಳಿದಿರುವ ಸುಂಟರಗಾಳಿಯ ಅತಿ ಹಳೆಯ ಛಾಯಾಚಿತ್ರ ಅದು.

ಆದರೆ ಬಹಳ ವರ್ಷಗಳ ಕಾಲ ಆ ಗೌರವ ಇನ್ನೊಂದು ಚಿತ್ರಕ್ಕೆ ಸಂದಿತ್ತು. ಅದೇ ವರ್ಷ ಆಗಸ್ಟ್ 28ರಂದು ಡಕೋಟಾ ಪ್ರಾಂತ್ಯದ ಹಾವರ್ಡ್ ಎಂಬ ಊರಿನ ಬಳಿ ಎಫ್. ಎನ್. ರಾಬಿನ್ಸನ್ ತೆಗೆದ ಚಿತ್ರ. ಅದರಲ್ಲಿ ನಡುವೆ ಕಪ್ಪಗೆ ದಪ್ಪನೆಯ ಕಾಂಡದಂಥ ಸುಂಟರಗಾಳಿ, ಎರಡೂ ಪಕ್ಕಕ್ಕೆ ಎರಡು ಚಿಕ್ಕ ಸುಳಿಗಳು. ನೋಡಿದವರು ಬೆಚ್ಚಿಬೀಳುವಂಥ ಚಿತ್ರ. ಅದರ ಮುಂದೆ ಆಡಮ್ಸ್ ತೆಗೆದದ್ದು ಸಪ್ಪೆ. ತೊಂದರೆ ಏನೆಂದರೆ, ರಾಬಿನ್ಸನ್ನರ ಚಿತ್ರವನ್ನು ಆಮೇಲೆ ಕೈಯಿಂದ ಚೆನ್ನಾಗಿಯೇ ತಿದ್ದಲಾಗಿದೆ ಎಂಬುದು ಅದನ್ನು ಪರಿಶೀಲಿಸಿದ ಹವಾಮಾನ ತಜ್ಞರ ಅಭಿಪ್ರಾಯ. ಅಂದರೆ ಸುಂಟರಗಾಳಿಗೆ ಕ್ಯಾಮೆರಾ ಹಿಡಿದ ಮೊದಲ ವರ್ಷದಲ್ಲೇ ಎರಡು ದಾರಿಗಳು ತೆರೆದುಕೊಂಡಿದ್ದವು. ಒಂದು, ದೂರ ನಿಂತು ಕಂಡಷ್ಟನ್ನು ಹಿಡಿಯುವುದು. ಇನ್ನೊಂದು, ನೋಡುವವರ ಎದೆ ನಡುಗಬೇಕು ಎಂದು ಹಿಡಿಯುವುದು. ಮುಂದಿನ ನೂರಾ ನಲವತ್ತು ವರ್ಷಗಳ ಕತೆ ಈ ಎರಡು ದಾರಿಗಳ ನಡುವೆ ನಡೆದದ್ದು.

ಮುಂದೆ ಹೋಗುವ ಮೊದಲು ಪದಗಳ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ಚಂಡಮಾರುತ, ಬಿರುಗಾಳಿ, ಸುಂಟರಗಾಳಿ ಎಂಬ ಪದಗಳು ಕೆಲವೊಮ್ಮೆ ಒಂದರ ಜಾಗದಲ್ಲಿ ಒಂದು ಬಂದು ಕೂರುತ್ತವೆ. ಚಂಡಮಾರುತ ಎಂದರೆ ಸಮುದ್ರದ ಮೇಲೆ ಹುಟ್ಟಿ, ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿ, ದಿನಗಟ್ಟಲೆ ಬದುಕುವ ಸೈಕ್ಲೋನ್. ಅದರ ಇಡೀ ರೂಪ ಮನುಷ್ಯನಿಗೆ ಕಂಡದ್ದು ಆಕಾಶಕ್ಕೆ ಹೋದ ಮೇಲೆಯೇ. 1960ರ ಏಪ್ರಿಲ್ 1ರಂದು ಹಾರಿದ ಟೈರೋಸ್-1 ಉಪಗ್ರಹದಿಂದ ಆ ಕಾಲ ಶುರುವಾಯಿತು. ಸುಂಟರಗಾಳಿ ಹಾಗಲ್ಲ. ಗುಡುಗು ಮೋಡದ ಹೊಟ್ಟೆಯಿಂದ ನೆಲದವರೆಗೆ ಇಳಿಯುವ ಗಾಳಿಯ ಕಂಬ ಅದು. ಸಾಮಾನ್ಯವಾಗಿ ಕೆಲವು ನೂರು ಮೀಟರ್ ಅಗಲ, ಕೆಲವು ನಿಮಿಷಗಳ ಆಯುಸ್ಸು. ಬಯಲುಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ ಧೂಳೆಬ್ಬಿಸುತ್ತ ಬರುವ, ಅದರೊಳಗೆ ದೆವ್ವ ಇದೆ ಎಂದು ಹಿರಿಯರು ಹೇಳುತ್ತಿದ್ದ ಸುಳಿಗಾಳಿಯೂ ಇದಲ್ಲ. ಅದಕ್ಕೆ ಮೋಡವೇ ಬೇಕಿಲ್ಲ, ಬಿಸಿಯಾದ ನೆಲ ಸಾಕು. ಈ ಪ್ರಬಂಧದಲ್ಲಿ ಸುಂಟರಗಾಳಿ ಎಂದಾಗಲೆಲ್ಲ ನಾನು ಹೇಳುತ್ತಿರುವುದು ಮೋಡದಿಂದಿಳಿಯುವ ಟಾರ್ನೆಡೊ ಬಗ್ಗೆ.

1880ರ ದಶಕದಲ್ಲೇ ಇದೆಲ್ಲ ಶುರುವಾದದ್ದು ಆಕಸ್ಮಿಕವಲ್ಲ. ಅದಕ್ಕೆ ಮುಂಚಿನ ಹಸಿ ತಟ್ಟೆಯ ಪದ್ಧತಿಯಲ್ಲಿ ಗಾಜಿನ ತಟ್ಟೆಗೆ ಅಲ್ಲೇ ರಾಸಾಯನಿಕ ಹಚ್ಚಿ, ಅದು ಆರುವ ಮೊದಲು ಚಿತ್ರ ತೆಗೆದು, ಕೂಡಲೇ ಕತ್ತಲ ಡೇರೆಯೊಳಗೆ ತೊಳೆಯಬೇಕಿತ್ತು. ಬಿರುಗಾಳಿ ಅಷ್ಟು ಹೊತ್ತು ಕಾಯುವುದಿಲ್ಲ. ಜೆಲಟಿನ್ ಲೇಪಿಸಿದ ಒಣ ತಟ್ಟೆಗಳು ಮಾರುಕಟ್ಟೆಗೆ ಬಂದ ಮೇಲೆ ತಟ್ಟೆಯನ್ನು ಮುಂಚೆಯೇ ಸಿದ್ಧಮಾಡಿ ಇಟ್ಟುಕೊಳ್ಳಬಹುದಾಯಿತು, ಬೇಗ ತೆಗೆಯಬಹುದಾಯಿತು, ತೊಳೆಯುವ ಕೆಲಸವನ್ನು ನಾಳೆಗೆ ಬಿಡಬಹುದಾಯಿತು. 1882ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಜೆನಿಂಗ್ಸ್ ಮಿಂಚಿನ ಚಿತ್ರ ತೆಗೆದದ್ದು ಹೀಗೆಯೇ.

ಜೆನಿಂಗ್ಸ್ ಚಿತ್ರದಿಂದ ಮೊದಲು ಪೆಟ್ಟು ತಿಂದವರು ಚಿತ್ರಕಾರರು. ಅಲ್ಲಿಯವರೆಗೆ ಮಿಂಚು ಎಂದರೆ ಗರಗಸದ ಹಲ್ಲಿನಂತೆ ಚೂಪುಚೂಪಾಗಿ ತಿರುಗುವ ಗೆರೆ ಎಂದೇ ಬರೆಯುತ್ತಿದ್ದರು. ಚಿತ್ರದಲ್ಲಿ ಕಂಡದ್ದು ನದಿಯ ನಕ್ಷೆಯಂಥದ್ದು, ಮರದ ಬೇರಿನಂಥದ್ದು. ಸಾವಿರಾರು ವರ್ಷ ಎಲ್ಲರೂ ನೋಡಿದ್ದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ ಎಂಬುದು ಒಂದು ತಟ್ಟೆಯಿಂದ ಗೊತ್ತಾಯಿತು.

ಮಿಂಚಿನ ಚಿತ್ರ ಅಲ್ಲಿಗೇ ನಿಲ್ಲಲಿಲ್ಲ. ಇಂಗ್ಲೆಂಡಿನ ಭೌತವಿಜ್ಞಾನಿ ಚಾರ್ಲ್ಸ್ ಬಾಯ್ಸ್ ಒಂದು ವಿಚಿತ್ರ ಕ್ಯಾಮೆರಾ ರಚಿಸಿದ್ದರು. ಅದರಲ್ಲಿ ಮಸೂರಗಳು ವೇಗವಾಗಿ ತಿರುಗುತ್ತಿರುತ್ತವೆ. ಹಾಗಾಗಿ ಮಿಂಚಿನ ಮೊದಲ ಕ್ಷಣ ಮತ್ತು ಕೊನೆಯ ಕ್ಷಣ ಫಿಲ್ಮಿನ ಬೇರೆ ಬೇರೆ ಜಾಗದಲ್ಲಿ ಮೂಡುತ್ತವೆ. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಬೇಸಿಲ್ ಶಾನ್‌ಲ್ಯಾಂಡ್ ಮತ್ತು ಸಂಗಡಿಗರು ಜೊಹಾನ್ಸ್‌ಬರ್ಗ್ ಸುತ್ತಮುತ್ತ ಈ ಬಗೆಯ ಕ್ಯಾಮೆರಾ ಇಟ್ಟು ಮಿಂಚನ್ನು ಬಿಡಿಸಿ ನೋಡಿದರು. ಮಿಂಚು ಒಂದೇ ಏಟಿಗೆ ಇಳಿಯುವುದಿಲ್ಲ. ಮೊದಲು ಮಂಕಾದ ಒಂದು ಎಳೆ ಹತ್ತಾರು ಮೀಟರ್ ಉದ್ದದ ಮೆಟ್ಟಿಲುಗಳಲ್ಲಿ, ತಡೆತಡೆದು, ದಾರಿ ಹುಡುಕುತ್ತ ಕೆಳಗೆ ಬರುತ್ತದೆ. ಅದು ನೆಲಕ್ಕೆ ತಾಗಿದೊಡನೆ ಅದೇ ದಾರಿಯಲ್ಲಿ ಕಣ್ಣು ಕುಕ್ಕುವ ಬೆಳಕು ಮೇಲಕ್ಕೆ ಓಡುತ್ತದೆ. ನಾವು ಮಿಂಚು ಎಂದು ಕರೆಯುವುದು ಈ ಎರಡನೆಯದನ್ನು. ಸಿಡಿಲು ಬಡಿಯುವ ಜಾಗ ಕೊನೆಯ ಕೆಲವು ಮೆಟ್ಟಿಲುಗಳಲ್ಲಿ ನಿರ್ಧಾರವಾಗುತ್ತದೆ ಎಂಬ ಇಂದಿನ ತಿಳಿವಳಿಕೆ, ಕಟ್ಟಡಗಳ ಮೇಲೆ ಸಿಡಿಲು ತಡೆಯುವ ಸರಳನ್ನು ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕ, ಇವುಗಳ ಬೇರು ಆ ಫಿಲ್ಮುಗಳಲ್ಲಿದೆ.

ಸುಂಟರಗಾಳಿಯ ವಿಷಯದಲ್ಲಿ ಮಾತ್ರ ಅಮೆರಿಕದ ಸರ್ಕಾರ ಬಹಳ ಕಾಲ ಕಣ್ಣು ಮುಚ್ಚಿಕೊಂಡೇ ಇತ್ತು. 1880ರ ದಶಕದಲ್ಲಿ ಸೇನೆಯ ಸಿಗ್ನಲ್ ವಿಭಾಗದ ಜಾನ್ ಫಿನ್ಲಿ ಎಂಬ ಅಧಿಕಾರಿ ಸುಂಟರಗಾಳಿಗಳ ವಿವರ ಕಲೆಹಾಕಿ ಮುನ್ಸೂಚನೆಯ ಪ್ರಯೋಗ ಮಾಡಿದ್ದ. ಅದು ನಿಂತುಹೋಯಿತು. ಜನ ಗಾಬರಿಯಾಗುತ್ತಾರೆ ಎಂಬ ಕಾರಣಕ್ಕೆ ಹವಾಮಾನ ಮುನ್ಸೂಚನೆಯಲ್ಲಿ ಟಾರ್ನೆಡೊ ಎಂಬ ಪದವನ್ನೇ ಬಳಸಬಾರದೆಂದು ನಿಷೇಧವಾಯಿತು. ಆ ನಿಷೇಧ ಸಡಿಲವಾಗಲು 1938 ಬರಬೇಕಾಯಿತು. 1948ರ ಮಾರ್ಚ್ 25ರಂದು ಒಕ್ಲಹಾಮದ ಟಿಂಕರ್ ವಾಯುನೆಲೆಯಲ್ಲಿ ಫಾಬುಷ್ ಮತ್ತು ಮಿಲ್ಲರ್ ಎಂಬ ಇಬ್ಬರು ಅಧಿಕಾರಿಗಳು ಕೊಟ್ಟ ಮುನ್ಸೂಚನೆ ಅದೇ ಸಂಜೆ ನಿಜವಾದ ಮೇಲೆ ಗಾಳಿ ಬದಲಾಯಿತು. ಆಗಲೂ ಸುಂಟರಗಾಳಿಯೊಳಗೆ ಏನು ನಡೆಯುತ್ತದೆ, ಗಾಳಿಯ ವೇಗ ಎಷ್ಟು ಎಂಬುದಕ್ಕೆ ಊಹೆಯೇ ಆಧಾರ. ಅಳೆಯಲು ಇಟ್ಟ ಉಪಕರಣವನ್ನು ಅದು ಕಿತ್ತುಕೊಂಡು ಹೋಗುತ್ತಿತ್ತು. ಗಂಟೆಗೆ ಐನೂರು ಮೈಲಿ ಇರಬಹುದು, ಶಬ್ದದ ವೇಗವನ್ನೇ ಮೀರಬಹುದು ಎಂದೆಲ್ಲ ಹೇಳುವವರಿದ್ದರು.

1957 ಈ ಊಹೆಗಳನ್ನು ಮುರಿದ ವರ್ಷ. ಆ ವರ್ಷ ಏಪ್ರಿಲ್ 2ರ ಸಂಜೆ ಟೆಕ್ಸಸ್‌ನ ಡಲ್ಲಾಸ್ ನಗರದೊಳಗೇ ಒಂದು ಸುಂಟರಗಾಳಿ ನಡೆದುಹೋಯಿತು. ಹತ್ತು ಮಂದಿ ಸತ್ತರು. ಮಳೆಯ ಪರದೆ ಅಡ್ಡ ಇಲ್ಲದ ಕಾರಣ ನಗರದ ಉದ್ದಗಲಕ್ಕೆ ಜನ ಅದನ್ನು ಕಣ್ಣಾರೆ ಕಂಡರು, ಹಲವರು ಚಲನಚಿತ್ರ ಕ್ಯಾಮೆರಾದಲ್ಲಿ ಹಿಡಿದರು. ಹವಾಮಾನ ಇಲಾಖೆಯ ವಾಲ್ಟರ್ ಹೂಕರ್ ಆ ಚಿತ್ರಸುರುಳಿಗಳನ್ನು ಕೂಡಿಸಿ, ಗಾಳಿಯಲ್ಲಿ ಹಾರುತ್ತಿದ್ದ ಹಲಗೆಗಳು, ಧೂಳಿನ ಗಂಟುಗಳು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಎಷ್ಟು ಸರಿದಿವೆ ಎಂದು ಅಳೆದರು. ಕ್ಯಾಮೆರಾ ನಿಂತ ಜಾಗ ಗೊತ್ತು, ದೂರ ಗೊತ್ತು, ಒಂದು ಸೆಕೆಂಡಿಗೆ ಎಷ್ಟು ಚೌಕಟ್ಟು ಎಂಬುದು ಗೊತ್ತು, ಉಳಿದದ್ದು ತ್ರಿಕೋನಮಿತಿ. ಬಂದ ಉತ್ತರ ಗಂಟೆಗೆ ಸುಮಾರು 170 ಮೈಲಿ. ಭಯಂಕರವೇ, ಆದರೆ ಐನೂರಲ್ಲ. ವ್ಯತ್ಯಾಸ ಸಣ್ಣದಲ್ಲ. ಐನೂರು ಮೈಲಿಯ ಗಾಳಿಗೆ ಎದುರಾಗಿ ಯಾವ ಮನೆಯನ್ನೂ ಕಟ್ಟಲಾಗದು ಎಂದು ಕೈಚೆಲ್ಲಬೇಕು. 170 ಎಂದರೆ ಎಂಜಿನಿಯರ್ ಒಬ್ಬ ಪೆನ್ಸಿಲ್ ಕೈಗೆತ್ತಿಕೊಳ್ಳಬಹುದು.

ಅದಾಗಿ ಮೂರು ತಿಂಗಳೊಳಗೆ, ಜೂನ್ 20ರಂದು, ಉತ್ತರ ಡಕೋಟಾದ ಫಾರ್ಗೊ ನಗರಕ್ಕೆ ಇನ್ನೊಂದು ಬಡಿಯಿತು. ಈ ದುರಂತದ ಒಂದು ಚಿತ್ರದಲ್ಲಿ ಯುವಕನೊಬ್ಬ ಅವಶೇಷಗಳ ನಡುವಿನಿಂದ ಮಗುವಿನ ದೇಹವನ್ನು ಎತ್ತಿಕೊಂಡು ಬರುತ್ತಿದ್ದಾನೆ. ಊರಿನ ಪತ್ರಿಕೆ ಫಾರ್ಗೊ ಫೋರಂಗೆ ಮರುವರ್ಷ ಆ ದಿನದ ವರದಿಗಾಗಿ ಪುಲಿಟ್ಜರ್ ಬಂತು. ಅಷ್ಟೇ ಆಗಿದ್ದರೆ ಫಾರ್ಗೊ ಒಂದು ದುಃಖದ ನೆನಪಾಗಿ ಉಳಿಯುತ್ತಿತ್ತು. ಆದರೆ ಅಂದು ಊರಿನ ಹತ್ತಾರು ಜನ ತಮ್ಮ ಅಂಗಳದಿಂದ, ರಸ್ತೆಯಿಂದ, ಹೊಲದಿಂದ ಸುಂಟರಗಾಳಿಯ ಚಿತ್ರ ತೆಗೆದಿದ್ದರು. ಸ್ಥಳೀಯ ಟಿವಿಯ ಹವಾಮಾನ ವರದಿಗಾರ ಡ್ಯೂಯಿ ಬರ್ಗ್‌ಕ್ವಿಸ್ಟ್ ಅವರ ನೆರವಿನಿಂದ ಆ ಚಿತ್ರಗಳು ಒಬ್ಬ ಜಪಾನೀ ವಿಜ್ಞಾನಿಯ ಮೇಜಿಗೆ ಬಂದವು. ಆತನ ಹೆಸರು ತೆತ್ಸುಯಾ ಫುಜಿತಾ.

ಫುಜಿತಾ 1920ರಲ್ಲಿ ಜಪಾನಿನ ಕ್ಯೂಶೂ ದ್ವೀಪದಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅವರು ಇದ್ದದ್ದು ಕೊಕುರಾ ನಗರದ ಹತ್ತಿರದ ತಾಂತ್ರಿಕ ಕಾಲೇಜಿನಲ್ಲಿ. 1945ರ ಆಗಸ್ಟ್ 9ರಂದು ಎರಡನೆಯ ಅಣುಬಾಂಬ್ ಬೀಳಬೇಕಿದ್ದದ್ದು ಕೊಕುರಾ ಮೇಲೆ. ಅಂದು ಊರಿನ ಮೇಲೆ ಮೋಡ, ಹೊಗೆ ಕವಿದಿತ್ತು. ಗುರಿ ಕಾಣದ ವಿಮಾನ ನಾಗಾಸಾಕಿಗೆ ತಿರುಗಿತು. ಮೋಡದಿಂದ ಬದುಕಿದ ಫುಜಿತಾ ಕೆಲವು ವಾರಗಳ ನಂತರ ನಾಗಾಸಾಕಿಗೆ ಹೋಗಿ ಹಾನಿಯ ಸಮೀಕ್ಷೆ ಮಾಡಿದರು. ಸ್ಮಶಾನದಲ್ಲಿ ಹೂವಿಡುವ ಬಿದಿರಿನ ಕೊಳವೆಗಳ ಒಂದು ಮಗ್ಗುಲು ಸುಟ್ಟಿತ್ತು. ಆ ಸುಟ್ಟ ಗುರುತುಗಳ ದಿಕ್ಕು, ಓರೆ ಹಿಡಿದು ಬಾಂಬ್ ಎಷ್ಟು ಎತ್ತರದಲ್ಲಿ ಸಿಡಿದಿರಬೇಕು ಎಂದು ಲೆಕ್ಕ ಹಾಕಿದರು. ಆ ಬಿಂದುವಿನ ಕೆಳಗೆ ಮರಗಳು ಎಲ್ಲ ದಿಕ್ಕಿಗೂ ಹೊರಮುಖವಾಗಿ, ನಕ್ಷತ್ರದ ಕಿರಣಗಳಂತೆ ಬಿದ್ದಿದ್ದವು. ಈ ನಕ್ಷತ್ರವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದ ಫುಜಿತಾ, ಫಾರ್ಗೊದ ನೂರೈವತ್ತಕ್ಕೂ ಹೆಚ್ಚು ಚಿತ್ರಗಳನ್ನು ಹರಡಿಕೊಂಡು ಕುಳಿತರು. ಪ್ರತಿ ಚಿತ್ರ ಎಲ್ಲಿಂದ ತೆಗೆದದ್ದು, ಎಷ್ಟು ಹೊತ್ತಿಗೆ ತೆಗೆದದ್ದು, ಚಿತ್ರದಲ್ಲಿ ಕಾಣುವ ಛಾವಣಿ, ಕಂಬ, ಮರಗಳ ದೂರ ಎಷ್ಟು ಎಂದು ಒಂದೊಂದಾಗಿ ಗುರುತಿಸಿದರು. ಯಾರದೋ ಅಂಗಳದ ಅಲುಗಾಡಿದ ಚಿತ್ರವೂ ಅವರಿಗೆ ಬೇಡವಾಗಲಿಲ್ಲ. 1960ರಲ್ಲಿ ಬಂದ ಅವರ ವರದಿ ಒಂದು ಗುಡುಗು ಮೋಡದ ದಿನಚರಿಯಂತಿದೆ. ಆ ಮೋಡ ಒಂದಲ್ಲ, ಸಾಲಾಗಿ ಐದು ಸುಂಟರಗಾಳಿಗಳನ್ನು ಹೆತ್ತಿತ್ತು. ಸುಂಟರಗಾಳಿ ಇಳಿಯುವ ಮೊದಲು ಮೋಡದ ತಳದಿಂದ ಗೋಡೆಯಂತೆ ತಗ್ಗುವ ಭಾಗಕ್ಕೆ ಫುಜಿತಾ ಗೋಡೆಮೋಡ ಎಂಬ ಅರ್ಥದ ಹೆಸರಿಟ್ಟರು. ಅದರ ಬಾಲಕ್ಕೆ ಬಾಲಮೋಡ. ಇವತ್ತು ಅಮೆರಿಕದ ಹಳ್ಳಿಗಳಲ್ಲಿ ಮೋಡ ನೋಡಿ ಎಚ್ಚರಿಕೆ ಕೊಡುವ ತರಬೇತಿ ಪಡೆದ ಸ್ವಯಂಸೇವಕರು ರೇಡಿಯೊದಲ್ಲಿ ಮೊದಲು ಹೇಳುವ ಪದಗಳಲ್ಲಿ ಗೋಡೆಮೋಡವೂ ಒಂದು. ಫಾರ್ಗೊದ ಸಾಮಾನ್ಯ ಜನ ತೆಗೆದ ಚಿತ್ರಗಳಿಂದ ಹುಟ್ಟಿದ ಪದ, ಸಾಮಾನ್ಯ ಜನರನ್ನು ಉಳಿಸಲು ಹಿಂದಿರುಗಿತು.

ಸುಂಟರಗಾಳಿಯ ಬಲ ಅಳೆಯುವ ಎಫ್ ಮಾಪಕವನ್ನು ಫುಜಿತಾ 1971ರಲ್ಲಿ ಕೊಟ್ಟರು. 1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದಲ್ಲಿ 148 ಸುಂಟರಗಾಳಿಗಳು ಎದ್ದು ಮುನ್ನೂರಕ್ಕೂ ಹೆಚ್ಚು ಜನ ಸತ್ತಾಗ ಅವರು ಸಣ್ಣ ವಿಮಾನದಲ್ಲಿ ಸಾವಿರಾರು ಮೈಲಿ ಹಾರಿ ಹಾನಿಯ ಚಿತ್ರ ತೆಗೆದರು. ವೆಸ್ಟ್ ವರ್ಜೀನಿಯಾದ ಕಾಡಿನ ಮೇಲೆ ಹಾರುವಾಗ ಅವರಿಗೆ ಕಂಡದ್ದು ಸುಂಟರಗಾಳಿಯ ಸುಳಿ ಅಲ್ಲ. ಎಲ್ಲ ದಿಕ್ಕಿಗೂ ಹೊರಮುಖವಾಗಿ ಬಿದ್ದ ಮರಗಳು. ನಾಗಾಸಾಕಿಯ ನಕ್ಷತ್ರ. ಮೇಲಿನಿಂದ ಗಾಳಿಯ ಕೊಡ ಬೋರಲಾಗಿ ನೆಲಕ್ಕೆ ಬಡಿದರೆ ಮಾತ್ರ ಹೀಗಾಗಲು ಸಾಧ್ಯ ಎಂದು ಅವರಿಗೆ ಅನ್ನಿಸಿತು. ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ವಿಮಾನವೊಂದು ಗುಡುಗು ಮಳೆಯಲ್ಲಿ ನೆಲಕ್ಕಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತರು. ವಿಮಾನವನ್ನು ಕೆಳಕ್ಕೆ ತಳ್ಳಿದ್ದು ಇದೇ ಗಾಳಿ ಎಂದು ಫುಜಿತಾ ವಾದಿಸಿದರು. ಅನೇಕ ತಜ್ಞರು ಒಪ್ಪಲಿಲ್ಲ. 1978ರಲ್ಲಿ ಷಿಕಾಗೊ ಬಳಿ ಡಾಪ್ಲರ್ ರೇಡಾರ್ ಇಟ್ಟು ನಡೆಸಿದ ಪ್ರಯೋಗದಲ್ಲಿ ಆ ಗಾಳಿ ರೇಡಾರಿಗೇ ಸಿಕ್ಕಿಬಿತ್ತು. ಆಮೇಲೆ ಪೈಲಟ್‌ಗಳ ತರಬೇತಿ ಬದಲಾಯಿತು, ವಿಮಾನ ನಿಲ್ದಾಣಗಳಿಗೆ ಅದಕ್ಕೆಂದೇ ರೇಡಾರುಗಳು ಬಂದವು. ನಾವು ಮಳೆಗಾಲದಲ್ಲಿ ಮುಂಬೈಗೋ ಚೆನ್ನೈಗೋ ಹಾರುವಾಗ ಪೈಲಟ್ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದರೆ ಗೊಣಗುತ್ತೇವೆ. ಆ ನಿರ್ಧಾರದ ಹಿಂದಿನ ತಿಳಿವಳಿಕೆಯಲ್ಲಿ ಒಂದು ಪಾಲು, ಬಿದ್ದ ಮರಗಳ ಚಿತ್ರಗಳಿಂದ ಬಂದದ್ದು.

ಇಲ್ಲೊಂದು ವಿನೋದವಿದೆ. ಟಾರ್ನೆಡೊ ಮಹಾಶಯ ಎಂದೇ ಹೆಸರಾಗಿದ್ದ ಫುಜಿತಾ ತಮ್ಮ ಕಣ್ಣಿನಿಂದ ಮೊದಲ ಸುಂಟರಗಾಳಿ ನೋಡಿದ್ದು 1982ರ ಜೂನ್ 12ರಂದು, ಕೊಲರಾಡೊದಲ್ಲಿ. ಆಗ ಅವರಿಗೆ 61 ವರ್ಷ. ಅಲ್ಲಿಯವರೆಗಿನ ಕೆಲಸವೆಲ್ಲ ಬೇರೆಯವರ ಚಿತ್ರಗಳು, ಬೀಸಿ ಹೋದ ಮೇಲಿನ ನೆಲ, ಇವುಗಳಿಂದ. ಬಿರುಗಾಳಿಯನ್ನು ಅರಿಯಲು ಅದರ ಬಾಯಿಗೆ ಹೋಗಲೇಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಹಾಗೆಂದು ಹತ್ತಿರ ಹೋದವರ ಕೆಲಸವೂ ಕಡಿಮೆಯದಲ್ಲ. 1973ರ ಮೇ 24ರಂದು ಒಕ್ಲಹಾಮದ ಯೂನಿಯನ್ ಸಿಟಿಯಲ್ಲಿ, ರಾಷ್ಟ್ರೀಯ ತೀವ್ರ ಬಿರುಗಾಳಿ ಪ್ರಯೋಗಾಲಯದ ತಂಡ ಒಂದು ಸುಂಟರಗಾಳಿಯನ್ನು ಹುಟ್ಟಿನಿಂದ ಸಾವಿನವರೆಗೆ ಚಿತ್ರೀಕರಿಸಿತು. ಅದೇ ಹೊತ್ತಿಗೆ ನಾರ್ಮನ್ ನಗರದ ಡಾಪ್ಲರ್ ರೇಡಾರ್ ಅದೇ ಮೋಡವನ್ನು ನೋಡುತ್ತಿತ್ತು. ಚಿತ್ರ ಮತ್ತು ರೇಡಾರಿನ ದಾಖಲೆಯನ್ನು ಅಕ್ಕಪಕ್ಕ ಇಟ್ಟಾಗ, ಸುಂಟರಗಾಳಿ ನೆಲ ಮುಟ್ಟುವ ಮೊದಲೇ ಮೋಡದೊಳಗೆ ಅದರ ಸುಳಿಯ ಗುರುತು ಮೂಡಿದ್ದು ಗೊತ್ತಾಯಿತು. 1990ರ ದಶಕದಲ್ಲಿ ಅಮೆರಿಕದ ಉದ್ದಗಲಕ್ಕೂ ಡಾಪ್ಲರ್ ರೇಡಾರ್ ಜಾಲ ಬರಲು ಇಂಥ ಸಾಕ್ಷ್ಯಗಳೇ ಬುನಾದಿ. ಇನ್ನೊಂದು ಕಡೆ, ಯಾವ ಪ್ರಯೋಗಾಲಯಕ್ಕೂ ಸೇರದ ಹವ್ಯಾಸಿಗಳಿದ್ದರು. ಉತ್ತರ ಡಕೋಟಾದ ಡೇವಿಡ್ ಹೋಡ್ಲಿ 1956ರಿಂದಲೇ ತನ್ನ ಪಾಡಿಗೆ ಮೋಡಗಳ ಹಿಂದೆ ಕಾರು ಓಡಿಸುತ್ತ ಚಿತ್ರ ತೆಗೆಯುತ್ತಿದ್ದವರು; 1977ರಲ್ಲಿ ಬಿರುಗಾಳಿ ಬೆನ್ನಟ್ಟುವವರಿಗಾಗಿಯೇ ಸ್ಟಾರ್ಮ್ ಟ್ರ್ಯಾಕ್ ಎಂಬ ಪತ್ರಿಕೆ ಶುರುಮಾಡಿದರು. ಆಗ ಅವರೆಲ್ಲ ಕೈಬೆರಳೆಣಿಕೆಯ ಜನ. ವಿಡಿಯೊ ಕ್ಯಾಮೆರಾ ಬಂತು, 1996ರಲ್ಲಿ ಟ್ವಿಸ್ಟರ್ ಸಿನಿಮಾ ಬಂತು, ಆಮೇಲೆ ಮೊಬೈಲು. ಕೈಬೆರಳೆಣಿಕೆ ಹೋಗಿ ರಸ್ತೆ ತುಂಬ ಕಾರುಗಳಾದವು.

ಚಿತ್ರ ಹೇಗೆ ಸುಳ್ಳು ಹೇಳಬಲ್ಲದು ಎಂಬುದಕ್ಕೆ 1991ರ ಒಂದು ವಿಡಿಯೊ ಸಾಕ್ಷಿ. ಅದನ್ನು ಯಾರೂ ತಿದ್ದಿರಲಿಲ್ಲ. ದಿನಾಂಕ ಮತ್ತೆ ಏಪ್ರಿಲ್ 26, ರಾಜ್ಯ ಮತ್ತೆ ಕಾನ್ಸಾಸ್. ಹೆದ್ದಾರಿಯಲ್ಲಿ ಹೋಗುತ್ತಿದ್ದ ಟಿವಿ ವರದಿಗಾರರ ಕಾರಿನ ಹಿಂದೆ ಸುಂಟರಗಾಳಿ ಬಂತು. ಅವರು ಒಂದು ಮೇಲ್ಸೇತುವೆಯ ಕೆಳಗೆ ಕಾರು ನಿಲ್ಲಿಸಿ, ಇಳಿಜಾರು ಹತ್ತಿ, ಸೇತುವೆಯ ತೊಲೆಗಳ ಸಂದಿಗೆ ಸೇರಿಕೊಂಡರು. ಅಲ್ಲಿದ್ದ ಇತರರನ್ನೂ ಕರೆದುಕೊಂಡರು. ಗಾಳಿ ಹಾದುಹೋಯಿತು. ಎಲ್ಲರೂ ಬದುಕಿದರು. ಆ ವಿಡಿಯೊ ಜಗತ್ತೆಲ್ಲ ಸುತ್ತಿತು. ನೋಡಿದವರು ಒಂದು ಪಾಠ ಕಲಿತರು: ಸುಂಟರಗಾಳಿ ಬಂದರೆ ಸೇತುವೆಯ ಕೆಳಗೆ ಸೇರಿಕೊಳ್ಳಬೇಕು.

ಪಾಠ ತಪ್ಪಾಗಿತ್ತು. ಅದು ದುರ್ಬಲ ಸುಂಟರಗಾಳಿ, ನೇರವಾಗಿ ಬಡಿದಿರಲಿಲ್ಲ, ಆ ಸೇತುವೆಯ ರಚನೆಯೂ ಅಪರೂಪದ್ದು. ಇದಾವುದೂ ವಿಡಿಯೊದಲ್ಲಿ ಕಾಣುವುದಿಲ್ಲ. ಸಾಮಾನ್ಯ ಸೇತುವೆಯ ಕೆಳಗೆ ಗಾಳಿ ಕಿರಿದಾದ ಸಂದಿಯಲ್ಲಿ ನುಗ್ಗುವಾಗ ಇನ್ನಷ್ಟು ಬಿರುಸಾಗುತ್ತದೆ. ಇಳಿಜಾರು ಹತ್ತಿದಷ್ಟೂ ನೆಲಮಟ್ಟಕ್ಕಿಂತ ಹೆಚ್ಚಿನ ಗಾಳಿಗೆ, ಹಾರಿ ಬರುವ ತಗಡು ಮರದ ತುಂಡುಗಳಿಗೆ ಒಡ್ಡಿಕೊಂಡಂತೆ. 1999ರ ಮೇ 3ರಂದು ಒಕ್ಲಹಾಮದಲ್ಲಿ ಸುಂಟರಗಾಳಿಗಳೆದ್ದಾಗ ಜನ ಕಾರು ನಿಲ್ಲಿಸಿ ಸೇತುವೆಗಳ ಕೆಳಗೆ ಓಡಿದರು. ಅಂದಿನ ಅತಿ ದೊಡ್ಡ ಸುಂಟರಗಾಳಿಯೊಳಗೆ ಸಂಚಾರಿ ರೇಡಾರ್ ಅಳೆದ ಗಾಳಿಯ ವೇಗ ಗಂಟೆಗೆ ಸುಮಾರು 300 ಮೈಲಿ. ಮೂರು ಬೇರೆ ಬೇರೆ ಸೇತುವೆಗಳ ಕೆಳಗೆ ಮೂವರು ಸತ್ತರು, ಅನೇಕರಿಗೆ ಘೋರ ಗಾಯಗಳಾದವು. ಹವಾಮಾನ ಇಲಾಖೆಯವರು ಆ ವಿಡಿಯೊದ ಪಾಠವನ್ನು ಜನರ ತಲೆಯಿಂದ ತೆಗೆಯಲು ಅಂದಿನಿಂದ ಪ್ರಯತ್ನಿಸುತ್ತಲೇ ಇದ್ದಾರೆ. ರಾಬಿನ್ಸನ್ ಕುಂಚದಿಂದ ಮಾಡಿದ್ದ ಹಾನಿ ಇದರ ಮುಂದೆ ಏನೂ ಅಲ್ಲ. ಚಿತ್ರ ತೋರಿಸಿದ್ದೆಲ್ಲ ನಿಜವೇ. ಬಿಟ್ಟದ್ದರಲ್ಲಿ ಅಪಾಯ ಇತ್ತು.

ಈಗ ಟಿಮ್ ಸಮಾರಸ್ ವಿಷಯಕ್ಕೆ ಬರಬೇಕು. ಸಮಾರಸ್ ಕೊಲರಾಡೊದ ಎಂಜಿನಿಯರ್. ಬೆನ್ನಟ್ಟುವವರಲ್ಲಿ ಅತಿ ಎಚ್ಚರದವರು ಎಂದು ಹೆಸರಾದವರು. ಸುಂಟರಗಾಳಿಯ ದಾರಿಯಲ್ಲಿ ನೆಲಕ್ಕಂಟಿ ಕೂರುವ, ಗಾಳಿ ಎತ್ತಲಾರದಂಥ ಚಪ್ಪಟೆ ಶಂಕುವಿನಾಕಾರದ ಉಪಕರಣಗಳನ್ನು ಕಟ್ಟಿದವರು. 2003ರ ಜೂನ್ 24ರಂದು ದಕ್ಷಿಣ ಡಕೋಟಾದ ಮ್ಯಾಂಚೆಸ್ಟರ್ ಬಳಿ ಅವರು ಇಟ್ಟ ಉಪಕರಣದ ಮೇಲೆಯೇ ಸುಂಟರಗಾಳಿ ನಡೆದು, ವಾಯುಭಾರ 100 ಮಿಲಿಬಾರ್ ಕುಸಿದದ್ದು ದಾಖಲಾಯಿತು. ಮರುವರ್ಷ ಐಯೋವಾದಲ್ಲಿ ಕ್ಯಾಮೆರಾಗಳಿದ್ದ ಉಪಕರಣದಿಂದ ಸುಂಟರಗಾಳಿಯ ಬುಡದ ಚಿತ್ರಗಳನ್ನೂ ತೆಗೆದರು. ಮನುಷ್ಯ ಅಲ್ಲಿಂದ ಓಡಿಹೋಗಿ ಯಂತ್ರ ನೋಡಲಿ ಎಂಬುದು ಅವರ ಇಡೀ ಕೆಲಸದ ತತ್ವ.

2013ರ ಮೇ 31ರಂದು ಒಕ್ಲಹಾಮದ ಎಲ್ ರೀನೊ ಬಳಿ ಎದ್ದ ಸುಂಟರಗಾಳಿ 2.6 ಮೈಲಿ ಅಗಲಕ್ಕೆ ಬೆಳೆಯಿತು. ಅಷ್ಟು ಅಗಲದ್ದು ಹಿಂದೆಂದೂ ದಾಖಲಾಗಿರಲಿಲ್ಲ. ಮಳೆ ಅದನ್ನು ಸುತ್ತಿಕೊಂಡಿತ್ತು. ಎಲ್ಲಿ ಮೋಡ ಮುಗಿದು ಎಲ್ಲಿ ಸುಂಟರಗಾಳಿ ಶುರುವಾಗುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ಅದು ಹಠಾತ್ತನೆ ದಿಕ್ಕು ಬದಲಿಸಿ, ವೇಗ ಹೆಚ್ಚಿಸಿ, ಸಮಾರಸ್ ಕಾರಿನ ಮೇಲೆ ಬಂತು. ಟಿಮ್ ಸಮಾರಸ್, ಅವರ ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಮೂವರೂ ಸತ್ತರು. ಪಾಲ್‌ಗೆ 24 ವರ್ಷ. ತಂದೆಯ ಜೊತೆ ಕ್ಯಾಮೆರಾ ಹಿಡಿಯುತ್ತಿದ್ದವನು ಆತನೇ. ಅದೇ ರಸ್ತೆಯಲ್ಲಿ ಅವರ ಮುಂದೆ ಹೋಗುತ್ತಿದ್ದ ಇನ್ನೊಬ್ಬ ಬೆನ್ನಟ್ಟುವವನು ಬದುಕಿಕೊಂಡ. ಅವನ ಕಾರಿನಲ್ಲಿ ಹಿಂದಕ್ಕೆ ಮುಖ ಮಾಡಿದ್ದ ಕ್ಯಾಮೆರಾದಲ್ಲಿ, ಮಳೆಯ ಮಬ್ಬಿನಲ್ಲಿ, ಸಮಾರಸ್ ಕಾರಿನ ಎರಡು ದೀಪಗಳು ಸ್ವಲ್ಪ ಹೊತ್ತು ಕಾಣುತ್ತವೆ. ಆಮೇಲೆ ಕಾಣುವುದಿಲ್ಲ.

ಗೆಳೆಯರನ್ನು ಕಳೆದುಕೊಂಡ ವಿಜ್ಞಾನಿ ಆಂಟನ್ ಸೀಮೊನ್ ಮತ್ತು ಜೊತೆಗಾರರು, ಅಂದು ಎಲ್ ರೀನೊ ಸುತ್ತ ಇದ್ದ ಬೆನ್ನಟ್ಟುವವರ ವಿಡಿಯೊಗಳನ್ನೆಲ್ಲ ಕಲೆಹಾಕಲು ಹೊರಟರು. ತೊಡಕು ಏನೆಂದರೆ ಒಬ್ಬೊಬ್ಬರ ಕ್ಯಾಮೆರಾದ ಗಡಿಯಾರ ಒಂದೊಂದು ಹೊತ್ತು ತೋರಿಸುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳ. ಮಿಂಚು ಹೊಡೆದಾಗ ಎಲ್ಲ ಕ್ಯಾಮೆರಾಗಳಲ್ಲೂ ಅದು ಒಂದೇ ಕ್ಷಣಕ್ಕೆ ಕಾಣುತ್ತದೆ. ಮಿಂಚು ಪತ್ತೆಹಚ್ಚುವ ಜಾಲದ ಬಳಿ ಪ್ರತಿ ಮಿಂಚಿನ ನಿಖರ ಹೊತ್ತು ಇರುತ್ತದೆ. ಮಿಂಚನ್ನೇ ಗಡಿಯಾರ ಮಾಡಿಕೊಂಡು ಹತ್ತಾರು ವಿಡಿಯೊಗಳನ್ನು ಒಂದೇ ಕಾಲಕ್ಕೆ ಹೊಂದಿಸಿದರು. ಆಗ ಸುಂಟರಗಾಳಿಯನ್ನು ಸುತ್ತಲಿಂದ, ಏಕಕಾಲಕ್ಕೆ, ಸೆಕೆಂಡು ಸೆಕೆಂಡಾಗಿ ನೋಡಲು ಸಾಧ್ಯವಾಯಿತು. ಹೀಗೆ ಹೊಂದಿಸಿದ ಚಿತ್ರಗಳಲ್ಲಿ ಒಂದು ಅಚ್ಚರಿಯೂ ಸಿಕ್ಕಿತು. ರೇಡಾರಿಗೆ ಮೇಲಿನ ಸುಳಿ ಕಾಣುವ ಮೊದಲೇ ನೆಲದ ಬಳಿ ಸುಂಟರಗಾಳಿ ಎದ್ದಿತ್ತು. ರೇಡಾರಿನ ಕಿರಣ ನೆಲಮಟ್ಟವನ್ನು ಸರಿಯಾಗಿ ನೋಡಲಾರದು, ಕ್ಯಾಮೆರಾ ನೋಡಬಲ್ಲದು. ಸುಂಟರಗಾಳಿ ಯಾವಾಗಲೂ ಮೇಲಿನಿಂದಲೇ ಇಳಿಯುತ್ತದೆ ಎಂಬ ಹಳೆಯ ನಂಬಿಕೆ ಅಲುಗಾಡಿತು. ಎಚ್ಚರಿಕೆ ಕೊಡಲು ಸಿಗುವ ನಿಮಿಷಗಳ ಲೆಕ್ಕ ಇದರ ಮೇಲೆ ನಿಂತಿದೆ.

ಇದು ಫಾರ್ಗೊ ಮೇಜಿನ ಮೇಲೆ ಫುಜಿತಾ ಮಾಡಿದ ಕೆಲಸವೇ. ಯಾರೋ ತೆಗೆದ ಚಿತ್ರ, ಎಲ್ಲಿಂದ, ಎಷ್ಟು ಹೊತ್ತಿಗೆ. ಚಿತ್ರಕ್ಕೆ ಬೆಲೆ ಬರುವುದು ಈ ಎರಡು ಪ್ರಶ್ನೆಗಳಿಗೆ ಉತ್ತರ ಇದ್ದಾಗ.

ಇದೆಲ್ಲ ಅಮೆರಿಕದ ಕತೆಯಾದದ್ದಕ್ಕೂ ಕಾರಣ ಅದೇ. ಲೆಕ್ಕಕ್ಕೆ ಸಿಕ್ಕಂತೆ ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಅಮೆರಿಕದ್ದಲ್ಲ. ಬಾಂಗ್ಲಾದೇಶದ ದೌಲತ್‌ಪುರ, ಸಾತುರಿಯಾ ಪ್ರದೇಶದ್ದು. 1989, ದಿನಾಂಕ ಅದೇ ಏಪ್ರಿಲ್ 26. ಸತ್ತವರು ಸುಮಾರು 1,300. ಆದರೆ ಸುಂಟರಗಾಳಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಒಕ್ಲಹಾಮದ ಬಯಲು, ದೌಲತ್‌ಪುರದ ತಗಡಿನ ಮನೆಗಳಲ್ಲ. ಕ್ಯಾಮೆರಾ ಮತ್ತು ರೇಡಾರ್ ಇದ್ದ ಕಡೆ ತಿಳಿವಳಿಕೆ ಬೆಳೆಯಿತು, ಅದರಿಂದ ಎಚ್ಚರಿಕೆ ಬೆಳೆಯಿತು, ಅದರಿಂದ ಸಾವು ಕಡಿಮೆಯಾಯಿತು. ಇಲ್ಲದ ಕಡೆ ಸಂಖ್ಯೆ ಮಾತ್ರ ಉಳಿಯಿತು.

ಈಗ ನಮ್ಮಲ್ಲೂ ಪ್ರತಿ ಕೈಯಲ್ಲಿ ಕ್ಯಾಮೆರಾ ಇದೆ. 2024ರ ಮೇ 13ರಂದು ಮುಂಬೈಗೆ ಧೂಳಿನ ಬಿರುಗಾಳಿ ನುಗ್ಗಿ, ಘಾಟ್‌ಕೋಪರ್‌ನಲ್ಲಿ ಜಾಹೀರಾತಿನ ದೈತ್ಯ ಫಲಕ ಉರುಳಿ 17 ಮಂದಿ ಸತ್ತ ಸಂಜೆ, ಕಂದು ಬಣ್ಣಕ್ಕೆ ತಿರುಗಿದ ಆಕಾಶದ ವಿಡಿಯೊಗಳು ಎಷ್ಟು ಬಂದವು ಎಂಬುದು ಅಲ್ಲಿಯ ಓದುಗರಿಗೆ ನೆನಪಿರುತ್ತದೆ. ಅದಕ್ಕೂ ಮುಂಚೆ, 2021ರ ಜುಲೈ 11ರಂದು, ಜೈಪುರದ ಆಮೇರ್ ಕೋಟೆಯ ಬಳಿಯ ಕಾವಲು ಗೋಪುರದ ಮೇಲೆ ಮಳೆ ನೋಡಲು ಹತ್ತಿದ್ದವರ ಮೇಲೆ ಸಿಡಿಲು ಬಿತ್ತು. ಕನಿಷ್ಠ 11 ಮಂದಿ ಸತ್ತರು. ಅವರಲ್ಲಿ ಹಲವರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು. ಬೆಟ್ಟದ ತುದಿ, ಗೋಪುರದ ನೆತ್ತಿ, ಗುಡುಗು ಮೋಡ: ಶಾನ್‌ಲ್ಯಾಂಡ್ ಕಂಡ ಆ ಮಂಕು ಎಳೆ ದಾರಿ ಹುಡುಕುತ್ತ ಬರುವಾಗ ಮೊದಲು ಸಿಗುವ ಜಾಗ ಅದು.

ಚಿತ್ರ ತೆಗೆಯಬೇಡಿ ಎಂದು ಹೇಳಲು ಇದನ್ನು ಬರೆಯಲಿಲ್ಲ. ತೆಗೆಯಿರಿ, ಎಲ್ಲಿಂದ, ಎಷ್ಟು ಹೊತ್ತಿಗೆ ಎಂದು ಗುರುತು ಹಾಕಿಡಿ. ಯಾವ ಫುಜಿತಾ ಯಾವಾಗ ಕೇಳಿಕೊಂಡು ಬರುತ್ತಾರೋ ಹೇಳಲಾಗದು. ನಿಲ್ಲುವ ಜಾಗಕ್ಕೆ ಮಾತ್ರ ಒಂದು ಲೆಕ್ಕ ಇದೆ. ಗುಡುಗು ಸಾಮಾನ್ಯವಾಗಿ ಕೇಳಿಸುವುದು ಸುಮಾರು 15 ಕಿಲೋಮೀಟರ್ ಒಳಗೆ. ಮೋಡದಿಂದ ಆಚೆಗೆ ಸಿಡಿಲು ಜಿಗಿಯಬಲ್ಲ ದೂರವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಗುಡುಗು ಕೇಳಿಸಿತು ಎಂದರೆ ನಾವು ಅದರ ಕೈಗೆಟಕುವ ದೂರದಲ್ಲಿದ್ದೇವೆ. ಟೆರೇಸಿನಿಂದ ಇಳಿದು ಒಳಗೆ ಬರಬೇಕು, ಕಿಟಕಿಯ ಗಾಜಿನ ಹಿಂದಿನಿಂದ ಸಿಕ್ಕಷ್ಟು ಸಾಕು. ಆಡಮ್ಸ್ ನಿಂತಿದ್ದ 14 ಮೈಲಿ ಎಂದರೆ 22 ಕಿಲೋಮೀಟರ್. ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಅವರು ಇದ್ದದ್ದೇ ಅಲ್ಲಿ. ಅವರ ಚಿತ್ರದಲ್ಲಿ ಸುಂಟರಗಾಳಿ ದಾರದಷ್ಟು ಸಣ್ಣದು. ಆದರೂ 1884ರ ಎರಡು ಚಿತ್ರಗಳಲ್ಲಿ ಇಂದಿಗೂ ಸಾಕ್ಷಿಯಾಗಿ ನಿಲ್ಲುವುದು ಅದೇ.